ಕೇರಾಫ್ ನಡೆಯುವುದಿಲ್ಲ

ಅಂಬೇವಾಡಿ, ದಾಂಡೇಲಿ
12 ಜೂನ್ 2023

ಉಜ್ಮಾ,

ಸಲಾಂ. ಮನೆಯ ಕ್ಷೇಮ ಸಮಾಚಾರ ನಿನ್ನ ಅಮ್ಮಿ ಬೇರೆ ಬರೆಸುತ್ತಾಳೆ. ನನಗೆ ಒಂದೇ ಮಾತು ಹೇಳು. ನಾನು ಯಾವಾಗ ಪುಸ್ತಕ ಬರೆದೆ?

ನಿನ್ನೆ ನಿನ್ನ ಅಣ್ಣ ಆಸಿಮ ಗ್ಯಾರೇಜಿನಿಂದ ಬಂದವನೇ ಮೊಬೈಲನ್ನು ನನ್ನ ಮೂಗಿಗೆ ಹಿಡಿದ. "ಅಬ್ಬಾ, ಅಮೆರಿಕಾದಿಂದ ನಿಮಗ ಮೇಲ್ ಬಂದೈತಿ. ಡಿಯರ್ ಆಥರ್ ಅಂತ ಕರದಾರ ನೋಡ್ರಿ." ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟು ಲಾರಿ ರಿಪೇರಿಗೆಂದು ಅದರ ಕೆಳಗೆ ಮಲಗಿದವನು ನಾನು. ಆಥರ್ ಅಂತೆ.

ಈರೇಶನ ಆನ್‌ಲೈನ್ ಸೆಂಟರಿಗೆ ಹೋಗಿ ಓದಿಸಿದೆ. ಅವನು ಕನ್ನಡಕ ಒರೆಸಿಕೊಂಡು ಹೇಳಿದ: "ಚಾಚಾ, ಮೊಬೈಲಿನಾಗ ಓದೂವಂಥ ಪುಸ್ತಕ ಒಂದು ನಿಮ್ಮ ಪಾನ್ ಕಾರ್ಡಿನ ಮ್ಯಾಲ ಮಾರಾಟಕ್ಕೈತಿ. ಕಂಪನಿ ಅಮೆರಿಕಾದ್ದು. ಅಲ್ಲಿ ಸರಕಾರದ ತೆರಿಗಿ ಫಾರ್ಮ್ ತುಂಬಿ ಸಹಿ ಮಾಡಬೇಕಂತ. ಮಾಡಲಿಲ್ಲಂದ್ರ ಪುಸ್ತಕ ತಗದ ಬಿಡ್ತಾರ."

"ನಾ ಯಾಕ ಅಮೆರಿಕಾಕ್ಕ ತೆರಿಗಿ ಕೊಡ್ಲಿ? ನಾ ಹುಬ್ಬಳ್ಳಿ ದಾಟಿದಾವ ಅಲ್ಲ."

"ಅವರ ಲೆಕ್ಕದಾಗ ನೀವು ಪರದೇಶಿ ಲೇಖಕರು, ಚಾಚಾ."

ಝೆರಾಕ್ಸಿಗೆ ನಿಂತ ಮಂದಿಯೆಲ್ಲ ಹಲ್ಲು ಕಿಸಿದರು. ಈ ಓಣಿಯಲ್ಲಿ ನನ್ನನ್ನು ಏನೇನೋ ಅಂದಿದ್ದಾರೆ. ಪರದೇಶಿ ಅಂತ ಯಾರೂ ಅಂದಿರಲಿಲ್ಲ.

ರಂಜಾನ್ ಹಬ್ಬಕ್ಕೆ ಬಂದಾಗ ನನ್ನ ಪಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ತೆಗೆದುಕೊಂಡವಳು ನೀನು. "ಒಂದು ಸಣ್ಣ ಕೆಲಸ ಅಬ್ಬಾ" ಅಂದಿದ್ದೆ. ಯಾವ ಸಣ್ಣ ಕೆಲಸ ಎಂದು ಸಾಫ್ ಬರೆ. ಫೋನು ಮಾಡಬೇಡ, ನನ್ನ ಎಡಗಿವಿಗೆ ಕೇಳುವುದಿಲ್ಲ, ಬಲಗಿವಿಯಲ್ಲಿ ಕೇಳಿದರೆ ಸಿಟ್ಟು ಬರುತ್ತದೆ.

ನಿನ್ನ ಅಬ್ಬಾ,
ಕಾಸಿಂಸಾಬ


ಮುಂಡಗೋಡ
20 ಜೂನ್ 2023

ಅಬ್ಬಾ ಅವರಿಗೆ ನಿಮ್ಮ ಉಜ್ಮಾ ಮಾಡುವ ಸಲಾಂ.

ನಿಮ್ಮ ಕಾಗದ ಅಂಗಡಿಗೆ ಹೋಗಿತ್ತು. ಅದೃಷ್ಟಕ್ಕೆ ಆ ಹೊತ್ತಿನಲ್ಲಿ ಇವರು ನಮಾಜಿಗೆ ಹೋಗಿದ್ದರು, ಕೆಲಸದವ ಮನೆಗೆ ತಂದು ಕೊಟ್ಟ. ಇನ್ನು ಮುಂದೆ ನನಗೆ ಬರೆಯುವುದಿದ್ದರೆ "ಕೇರಾಫ್ ಸುನಂದಾ ಟೀಚರ್, ಸನವಳ್ಳಿ" ಎಂದು ಬರೆಯಿರಿ. ನನ್ನ ಜೊತೆ ಕಾಲೇಜಿನಲ್ಲಿದ್ದವಳು. ಫೋನು ನಾನೂ ಮಾಡುವುದಿಲ್ಲ. ನೀವು ಮಾತಾಡಿದರೆ ಇಲ್ಲಿ ಬಾಜು ಮನೆಯವರಿಗೂ ಕೇಳಿಸುತ್ತದೆ.

ಪುಸ್ತಕ ನನ್ನದು. "ಭೋಂಗಾ ಆದ ಮೇಲೆ" ಎಂದು ಹೆಸರು. ಮಿಲ್ಲಿನ ಭೋಂಗಾ ಕೂಗಿದ ಮೇಲೆ ನಮ್ಮ ಓಣಿಯ ಹೆಂಗಸರು ಏನು ಮಾಡುತ್ತಿದ್ದರು, ಏನು ಮಾತಾಡುತ್ತಿದ್ದರು, ಅಷ್ಟೇ ಕಥೆಗಳು. ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲೇ ಬರೆದೆ. ಮೇಲೆ "ಕಾಳಿನದಿ" ಎಂದು ಹೆಸರು ಹಾಕಿದ್ದೇನೆ.

ನನ್ನ ಪಾನ್ ಕಾರ್ಡು ಯಾಕೆ ಕೊಡಲಿಲ್ಲ ಎಂದು ಕೇಳುತ್ತೀರಿ, ಗೊತ್ತು. ಇವರ ಬಟ್ಟೆ ಅಂಗಡಿ ನನ್ನ ಹೆಸರಿನಲ್ಲಿದೆಯಲ್ಲ. ಜಿಎಸ್‌ಟಿ, ಬ್ಯಾಂಕಿನ ಸಾಲ, ಲೈಸೆನ್ಸು ಎಲ್ಲಾ "ಮಾಲೀಕರು: ಉಜ್ಮಾ". ಆ ಗಲ್ಲಾಪೆಟ್ಟಿಗೆಯ ಮುಂದೆ ನಾನು ಒಂದು ದಿನವೂ ಕುಳಿತಿಲ್ಲ. ಓಟಿಪಿ ಬರುವುದು ಇವರ ಮೊಬೈಲಿಗೆ. ನನ್ನ ಪಾನಿಗೆ ಅಮೆರಿಕದಿಂದ ಒಂದು ರೂಪಾಯಿ ಬಂದರೂ ಇವರ ಲೆಕ್ಕದವ ಅದೇ ದಿನ ಕೇಳುತ್ತಾನೆ. ಹಿಂದೆ ವಾರಪತ್ರಿಕೆಯಲ್ಲಿ ನನ್ನ ಕಥೆ ಬಂದಾಗ ಇವರು ಗಿರಾಕಿಗಳ ಮುಂದೆ ನಗುತ್ತಾ ಹೇಳಿದ್ದು ನಿಮಗೆ ನೆನಪಿರಬೇಕು: "ನಾವು ಅರಿವಿ ಮಾರ್ತೇವಿ, ನಮ್ಮಾಕಿ ಮನಿ ಮಾತು ಮಾರ್ತಾಳ." ಅವತ್ತೇ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ನೀವು ಈರೇಶಣ್ಣನ ಹತ್ತಿರ ಹೋಗಿ ಆ ಫಾರ್ಮ್ ತುಂಬಿಸಿ. ಅದರಲ್ಲಿ ಒಂದು ಪ್ರಶ್ನೆ ಬರುತ್ತದೆ: ಬೇರೆಯವರ ಪರವಾಗಿ ನೀವು ಈ ಆದಾಯ ತೆಗೆದುಕೊಳ್ಳುತ್ತಿದ್ದೀರಾ ಎಂದು. "ಇಲ್ಲ" ಎನ್ನಿ. ಅಷ್ಟು ಮಾಡಿದರೆ ಪುಸ್ತಕ ಉಳಿಯುತ್ತದೆ. ಓದಿದ ಯಾರೋ ಒಬ್ಬಾಕೆ ಶಿರಸಿಯಿಂದ ಬರೆದಿದ್ದಾಳೆ, "ಇದು ನಮ್ಮ ಮನೆಯದೇ ಮಾತು" ಎಂದು. ಆ ಸಾಲನ್ನು ಎಷ್ಟು ಸಲ ಓದಿದೆನೋ.

ನಿಮ್ಮ ಮಗಳು,
ಉಜ್ಮಾ


ಅಂಬೇವಾಡಿ
3 ಜುಲೈ 2023

ಉಜ್ಮಾ,

ಹೋಗಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೆಸರು, ಊರು, ಪಾನ್ ನಂಬರ್ ಎಲ್ಲಾ ಹಾಕಿದ. ನಂತರ ಆ ಪ್ರಶ್ನೆ ಬಂತು. ಈರೇಶ ಕನ್ನಡದಲ್ಲಿ ಹೇಳಿದ: "ಈ ರೊಕ್ಕದ ಖರೇ ಒಡೆಯ ನೀವೇನು, ಅಥವಾ ಇನ್ನೊಬ್ಬರ ಪರವಾಗಿ ಕೈ ಒಡ್ಡೀರೇನು ಅಂತ ಕೇಳ್ತಾರ."

"ಇನ್ನೊಬ್ಬರ ಪರವಾಗಿ. ಮಗಳದು."

"ಚಾಚಾ, ಇಲ್ಲ ಅನ್ರಿ. ಎಲ್ಲಾರೂ ಹಂಗ ಅಂತಾರ. ಅಮೆರಿಕಾದವ ಇಲ್ಲಿಗೆ ಬಂದು ನೋಡ್ತಾನೇನು?"

"ಅವ ನೋಡೂದು ಬ್ಯಾಡ. ಕೆಳಗ ಏನ ಬರದಾರ, ಅದನ್ನ ಓದು."

ಓದಿದ. ಸುಳ್ಳು ಹೇಳಿದರೆ ಶಿಕ್ಷೆ ಎಂದು ತಿಳಿದೇ ಸಹಿ ಮಾಡುತ್ತಿದ್ದೇನೆ, ಅಂತ. ಹಾಗಾದರೆ "ಉಜ್ಮಾ, ಕೇರಾಫ್ ಕಾಸಿಂಸಾಬ" ಎಂದು ಹಾಕು, ಖರೇ ಆಗುತ್ತದೆ ಅಂದೆ. "ಕೇರಾಫ್ ವಿಳಾಸ ನಡೆಯೂದಿಲ್ಲ ಅಂತ ಮೊದಲಿಗೇ ಬರದಾರಲ್ಲ ಚಾಚಾ" ಅಂದ. "ಹಂಗಾರ ಹೌದು ಅಂತ ಒತ್ತು" ಅಂದೆ. ಒತ್ತಿದ. ಪರದೆ ಕೆಂಪಾಯಿತು. ಖರೇ ಒಡೆಯರ ಕಾಗದ ಪತ್ರ ಬರುವ ತನಕ ಖಾತೆ ಬಂದ್ ಅಂತ ಬಂತು.

ದುಂಡೇಶ ಸಾಹುಕಾರನ ಲಾರಿ ಅಣಶಿ ಘಾಟಿನಲ್ಲಿ ಬಿದ್ದಾಗ, ಹಿಂದಿನ ದಿನವೇ ಬ್ರೇಕು ನೋಡಿದ್ದೆ ಅಂತ ಹೇಳು ಎಂದು ನನ್ನ ಕೈಗೆ ಪೆನ್ನು ಕೊಟ್ಟಿದ್ದರು. ನಾನು ಬ್ರೇಕು ನೋಡಿರಲಿಲ್ಲ, ಅದಕ್ಕೆ ಸಹಿ ಹಾಕಲಿಲ್ಲ. ಕೆಲಸ ಹೋಯಿತು. ನಿನಗಾಗ ಹಾಲಿಗೂ ತತ್ವಾರ. ಅವತ್ತು ಮಾಡದ ಸುಳ್ಳು ಸಹಿಯನ್ನು ಈ ವಯಸ್ಸಿನಲ್ಲಿ ಕಥೆ ಪುಸ್ತಕಕ್ಕೆ ಮಾಡಲೇ?

ಬಂದ್ ಆಗುವ ಮೊದಲು ಆಸಿಮನ ಮೊಬೈಲಿನಲ್ಲಿ ಪುಸ್ತಕ ಓದಿಸಿದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಾಟನ್ನು ಗೋಡೆಗೆ ಬೀಸುವ ಲಾರಿ ಮಿಸ್ತ್ರಿ ಯಾರು? ಸುಣ್ಣ ಹಚ್ಚಿದರೂ ಕಲೆ ಹೋಗಲಿಲ್ಲ ಅಂತ ಬರೆದಿದ್ದೀ. ನಿನ್ನ ಅಮ್ಮಿ ಕೇಳಿ ಒಳಗೊಳಗೇ ನಗುತ್ತಿದ್ದಳು. "ಹೆಸರು ಹಾಕಿಲ್ಲಲ್ಲ, ಅಲ್ಲಾಗ ಶುಕ್ರ್ ಮಾಡ್ರಿ" ಅನ್ನುತ್ತಾಳೆ. ನನ್ನ ಸಿಟ್ಟು ನನ್ನ ಮನೆಯದು. ಶಿರಸಿಯವಳಿಗೆ ಅದರಲ್ಲಿ ಏನು ಕೆಲಸ?

ಕಾಸಿಂಸಾಬ


ಮುಂಡಗೋಡ
19 ಜುಲೈ 2023

ಅಬ್ಬಾ,

ಪುಸ್ತಕ ತೆಗೆದರು. ಹುಡುಕಿದರೆ "ಲಭ್ಯವಿಲ್ಲ" ಎಂದು ಬರುತ್ತದೆ.

ನೀವು ಸುಳ್ಳಿಗೆ ಸಹಿ ಹಾಕುವವರಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಲಾರಿಯ ಕಥೆಯನ್ನು ಊಟಕ್ಕೆ ಕೂತಾಗೆಲ್ಲ ಉಪ್ಪಿನಕಾಯಿಯ ಹಾಗೆ ಬಡಿಸಿದ್ದೀರಿ. ನನಗೂ ಅದರ ಮೇಲೆ ಅಭಿಮಾನವಿತ್ತು.

ಆದರೆ ನನ್ನ ನಿಕಾಹ್ ಆದ ವರ್ಷ ಇವರು ಅಂಗಡಿಯ ಸಾಲಕ್ಕೆ ಅರ್ಜಿ ಹಾಕಿದ್ದು ನೆನಪು ಮಾಡಿಕೊಳ್ಳಿ. ಮಹಿಳೆಯರ ಹೆಸರಿಗೆ ಬಡ್ಡಿ ಕಡಿಮೆ ಎಂದು ನನ್ನನ್ನು ಮಾಲೀಕಳನ್ನಾಗಿ ಮಾಡಿದರು. "ಈ ವ್ಯಾಪಾರವನ್ನು ಅರ್ಜಿದಾರಳೇ ಸ್ವತಃ ನಡೆಸುತ್ತಾಳೆ, ನಾನು ಬಲ್ಲೆ" ಎಂದು ಅದರ ಕೆಳಗೆ ಸಾಕ್ಷಿ ಸಹಿ ಹಾಕಿದವರು ಯಾರು? ನೀವು. ಆಮೇಲೆ ಮ್ಯಾನೇಜರು ಕೊಟ್ಟ ಚಹಾ ಕುಡಿದು ಎದ್ದಿರಿ.

ನನ್ನ ಹೆಸರಿನಲ್ಲಿರುವುದು ನನ್ನದಲ್ಲ. ನನ್ನದಾದದ್ದು ನನ್ನ ಹೆಸರಿನಲ್ಲಿಲ್ಲ. ಅಳಿಯ ಮಾಡಿದರೆ ವ್ಯವಹಾರ, ಮಗಳು ಕೇಳಿದರೆ ಸುಳ್ಳು. ಇಷ್ಟು ಅರ್ಥವಾಯಿತು.

ತಾಟು ಎಸೆಯುವ ಮಿಸ್ತ್ರಿ ನೀವೇ.

ಉಜ್ಮಾ


ಅಂಬೇವಾಡಿ
8 ನವೆಂಬರ್ 2023

ಉಜ್ಮಾ,

ನಾನು ಬರೆದ ಯಾವ ಕಾಗದಕ್ಕೂ ಉತ್ತರವಿಲ್ಲ. ನಿನ್ನ ಅಮ್ಮಿ ಅಂಚೆಯವ ಬರುವ ಹೊತ್ತಿಗೆ ಬಾಗಿಲಲ್ಲಿ ಕೂರುತ್ತಾಳೆ. ಅದನ್ನು ನೋಡಿ ಸಿಟ್ಟು ಬಂದು ನಾನೇ ಮುಂಡಗೋಡಕ್ಕೆ ಹೋಗಿದ್ದೆ. ನಿನಗೆ ಗೊತ್ತೇ ಇದೆ, ಚಹಾ ಕಳಿಸಿದ್ದು ನೀನೇ ಅಲ್ಲವೇ. ಅಂಗಡಿಯ ಹಿಂದಿನ ಬಾಗಿಲಲ್ಲಿ ನಿನ್ನ ಸೆರಗು ಕಂಡೆ, ಮುಖ ಕಾಣಲಿಲ್ಲ.

ಆ ಸಾಕ್ಷಿ ಸಹಿಯ ಮಾತು ಬಿಡು. ಊರೆಲ್ಲ ಹಾಗೇ ಮಾಡುತ್ತದೆ. ಸನವಳ್ಳಿಯ ಟೀಚರಳ ಮನೆಗೆ ಕದ್ದು ಕಾಗದ ತರಿಸುವುದು, ನದಿಯ ಹೆಸರಿನಲ್ಲಿ ಕಥೆ ಬರೆಯುವುದು, ಇದೆಲ್ಲ ನನಗೆ ಹಿಡಿಸುವುದಿಲ್ಲ. ಅದಕ್ಕೇ ಜಾಹಿದನಿಗೆ ಮುಖದ ಮೇಲೆ ಹೇಳಿಬಿಟ್ಟೆ. "ನಿನ್ನ ಹೆಂಡತಿ ಪುಸ್ತಕ ಬರದಾಳ. ಅಮೆರಿಕಾದ ಕಂಪನಿ ಅಕೀ ಸಹಿ ಕೇಳ್ತೈತಿ. ಅಕೀ ಪಾನ್ ಅಕಿಗೆ ಕೊಡು."

ಅವನು ಗಿರಾಕಿಗೆ ಸ್ವೆಟರು ಮಡಚುತ್ತಿದ್ದವನು ಕೈ ನಿಲ್ಲಿಸಲಿಲ್ಲ. "ಹೌದೇನು ಮಾಮು? ನನಗ ಗೊತ್ತ ಇರಲಿಲ್ಲ ನೋಡ್ರಿ. ಬರೀಲಿ ಬಿಡ್ರಿ, ನಾ ಯಾಕ ಬ್ಯಾಡ ಅನ್ಲಿ? ಚಹಾ ತಗೋರಿ, ಆರತೈತಿ."

ನೋಡು, ಒಂದು ಗಟ್ಟಿ ಮಾತಿಗೆ ಕೆಲಸ ಆಯಿತು. ನೀನು ಇಷ್ಟು ದಿನ ಸುಮ್ಮನೆ ಹೆದರಿದೆ. ಈಗ ನಿನ್ನ ಹೆಸರಿನಲ್ಲೇ ಆ ಫಾರ್ಮ್ ತುಂಬು.

ಅಬ್ಬಾ


ಹಳಿಯಾಳ
26 ಫೆಬ್ರುವರಿ 2024

ಅಬ್ಬಾ,

ಊರಿನ ಹೆಸರು ಕೇಳಿ ಅಮ್ಮಿಗೆ ಗಾಬರಿಯಾಗದಿರಲಿ, ಮೊದಲು ನೀವು ಓದಿ.

ನೀವು ಚಹಾ ಕುಡಿದು ಬಸ್ಸು ಹತ್ತಿದಿರಿ. ಇವರು ಬಯ್ಯಲಿಲ್ಲ. ಕೈ ಎತ್ತಲಿಲ್ಲ. ಊಟ ಚೆನ್ನಾಗಿದೆ ಅಂದರು. ಮರುದಿನ ಅಂಗಡಿಗೆ ಬೇಕು ಎಂದು ನನ್ನ ಮೊಬೈಲು ಒಯ್ದರು. ಎರಡನೇ ಪುಸ್ತಕ ಅದರೊಳಗಿತ್ತು, ಮುಗಿಯಲು ಬಂದಿತ್ತು. ಸಂಜೆ ತಂದುಕೊಟ್ಟಾಗ ಹೊಸ ಮೊಬೈಲಿನ ಹಾಗೆ ಖಾಲಿ. "ಜಾಗಾ ಇರಲಿಲ್ಲ, ಸ್ವಚ್ಛ ಮಾಡಿಸೀನಿ" ಅಂದರು. "ಇನ್ನ ಬೇಕಾದಷ್ಟು ಬರಿ."

ಆಮೇಲೆ ಕೆಲವು ತಿಂಗಳು ಅಲ್ಲೇ ಇದ್ದೆ. ಯಾಕಿದ್ದೆ ಎಂದು ನನಗೂ ಗೊತ್ತಿಲ್ಲ. ಮಕ್ಕಳಾಗಲಿಲ್ಲ ಎಂದು ಅಮ್ಮಿ ದರ್ಗಾ ಸುತ್ತುತ್ತಿದ್ದರಲ್ಲ, ಎದ್ದು ಬರುವಾಗ ಅದೇ ಅನುಕೂಲವಾಯಿತು ಎಂದು ಹೇಳಿ.

ಬರುವ ಮೊದಲು ಇವರ ಲೆಕ್ಕದವನ ಆಫೀಸಿಗೆ ಹೋಗಿ, ಅಂಗಡಿಯಿಂದ ನನ್ನ ಹೆಸರು ತೆಗೆಯಿರಿ ಅಂದೆ. "ಯಜಮಾನರು ಬರಲಿ ತಂಗಿ" ಅಂದ. "ಕಾಗದ ತಗದು ನೋಡ್ರಿ, ಯಜಮಾನಿ ನಾನ" ಅಂದೆ. ಆ ಕಾಗದಗಳು ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಇಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಶಾಂತಾದೇವಿ ಎಂಬವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿದೆ. ಒಬ್ಬಳೇ ಇರುವ ಹೆಂಗಸಿಗೆ ಬಾಡಿಗೆ ಪತ್ರ ಬರೆದುಕೊಡುವುದಿಲ್ಲ, ಇರುವಷ್ಟು ದಿನ ಇರು ಅನ್ನುತ್ತಾರೆ.

ಅಮೆರಿಕದ ಫಾರ್ಮನ್ನು ನನ್ನ ಹೆಸರಿನಲ್ಲಿ ತುಂಬಲು ಕೂತಿದ್ದೇನೆ. ಪರದೇಶಿ ಲೇಖಕರ ಖಾಯಂ ವಿಳಾಸ ಬೇಕಂತೆ. ಕೇರಾಫ್ ನಡೆಯುವುದಿಲ್ಲ. ಅಬ್ಬಾ, ನನ್ನ ಬದುಕಿನಲ್ಲಿ ಕೇರಾಫ್ ಇಲ್ಲದ ವಿಳಾಸ ಒಂದೂ ಇಲ್ಲ ಎಂದು ಆ ಗೆರೆ ನೋಡಿದಾಗ ತಿಳಿಯಿತು. ಮೊದಲು ನೀವು, ಆಮೇಲೆ ಇವರು, ನಡುವೆ ಸುನಂದಾ.

ಅಂಬೇವಾಡಿ ಮನೆಯ ವಿಳಾಸ ಬರೆಯಲೇ? ಅದು ನಾನು ಹುಟ್ಟಿದ ಮನೆ. ಲೈಟ್ ಬಿಲ್ಲಿನ ಒಂದು ಝೆರಾಕ್ಸು ಕಳಿಸಿದರೆ ಸಾಕು. ಉದ್ದ ಕಾಗದ ಬೇಡ, ಹೌದು ಎಂದಷ್ಟೇ ಬರೆಯಿರಿ.

ಉಜ್ಮಾ


ಅಂಬೇವಾಡಿ
5 ಮಾರ್ಚ್ 2024

ಉಜ್ಮಾ,

ನೀನು ಈ ಮನೆಯಲ್ಲಿ ಇಲ್ಲ. ಇಲ್ಲದವಳು ಇದ್ದೇನೆ ಎಂದು ಬರೆದರೆ ಅದು ಸುಳ್ಳು. ಅದಕ್ಕೆ ನನ್ನ ಬಿಲ್ಲು ಕೊಡುವುದಿಲ್ಲ.

ಬಾ. ಬಂದು ಇರು. ಆಸಿಮನ ಹೆಂಡತಿ ಮುಖ ಗಂಟು ಹಾಕಿದರೆ ನಾನಿದ್ದೇನೆ. ಅಡುಗೆಮನೆಯ ಬಾಜುವಿನ ಮಂಚ ಖಾಲಿ ಮಾಡಿಸಿದ್ದೇನೆ. ನೀನು ಇಲ್ಲಿ ಮಲಗಿ ಎದ್ದ ಮರುದಿನ ನಾನೇ ಈರೇಶನ ಹತ್ತಿರ ಹೋಗಿ ವಿಳಾಸ ಬರೆಸುತ್ತೇನೆ. ಅಲ್ಲಿಯ ತನಕ ಹೆಣ್ಣುಮಗಳ ಖಾಯಂ ವಿಳಾಸ ಗಂಡನ ಮನೆ. ಊರು ಹಾಗೇ ಅನ್ನುತ್ತದೆ. ನಾನು ಊರನ್ನು ತಿದ್ದಲು ಹುಟ್ಟಿಲ್ಲ.

ಜಾಹಿದ ಫೋನು ಮಾಡಿದ್ದ. ಮೊಬೈಲು ಯಾಕೆ ಖಾಲಿ ಮಾಡಿಸಿದೆ ಎಂದು ಕೇಳಿದೆ. ಚಹಾದ ಮಾತು ಎತ್ತಿದ, ನಾನು ಫೋನು ಇಟ್ಟೆ.

ಬರುತ್ತೀಯೋ ಇಲ್ಲವೋ, ಬರೆ.

ಅಬ್ಬಾ


ಹಳಿಯಾಳ
2 ಏಪ್ರಿಲ್ 2024

ಅಬ್ಬಾ,

ಬರುವುದಿಲ್ಲ. ನಾನು ಕೇಳಿದ್ದು ಒಂದು ಸಾಲು, ನೀವು ಕೊಟ್ಟದ್ದು ಒಂದು ಮಂಚ.

ನಿಮ್ಮ ಕಾಗದ ಬಂದ ದಿನ ಫಾರ್ಮ್ ಮುಂದಿಟ್ಟುಕೊಂಡು ಕೂತಿದ್ದೆ. ಶಾಂತಾದೇವಿ ಅಕ್ಕಿ ಆರಿಸುತ್ತಾ, ಏನದು ಎಂದು ಕೇಳಿದರು. ಹೇಳಿದೆ. ಕೇರಾಫ್ ಬೇಡವಂತೆ ಎನ್ನುವುದನ್ನು ಎರಡು ಸಲ ಹೇಳಿಸಿಕೊಂಡರು. "ಖರೇನ ಹಂಗ ಬರದಾರ? ಗಂಡನ ಹೆಸರು ಬ್ಯಾಡಂತ?" ಬೇಡ ಅಂದೆ. "ನಮ್ಮ ಯಜಮಾನ್ರು ತೀರಿ ಮಣ್ಣಾಗಿ ಹೋದ್ರೂ ನನ್ನ ರೇಷನ್ ಕಾರ್ಡಿನಾಗ ಇನ್ನೂ ಕುಂತಾರ. ತಾ ಇಲ್ಲೆ, ನಮ್ಮ ಮನಿ ನಂಬರ ಬರಿ." ಮರುದಿನ ಬಾಂಡ್ ಪೇಪರು ತಂದು ಬಾಡಿಗೆ ಪತ್ರ ಮಾಡಿಸಿದರು. ಅವರು ನನ್ನ ಕಥೆ ಒಂದನ್ನೂ ಓದಿದವರಲ್ಲ. ನನ್ನ ಜಾತಿ ಕೇಳಿದ್ದರು, ಮಡಿ ಬಟ್ಟೆ ಮುಟ್ಟಬೇಡ ಅಂತಲೂ ಹೇಳುತ್ತಾರೆ. ಆದರೂ ಬರೆದುಕೊಟ್ಟರು.

ಫಾರ್ಮ್ ಒಪ್ಪಿಕೊಂಡರು. ಬೇರೆಯವರ ಪರವಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂಬುದಕ್ಕೆ "ಇಲ್ಲ" ಎಂದು ಒತ್ತಿದೆ. ಸುಳ್ಳಲ್ಲ, ನೀವು ಖುಷಿಯಾಗಿರಿ. ಪುಸ್ತಕ ಮತ್ತೆ ಬಂದಿದೆ. ಈಗ ಅದರ ಮೇಲೆ ನದಿಯ ಹೆಸರಿಲ್ಲ, ನನ್ನದಿದೆ. ಅಮ್ಮಿಗೆ ಹೇಳಿ. ಮಿಸ್ತ್ರಿಯ ಕಥೆಯಲ್ಲಿ ಒಂದು ಅಕ್ಷರವನ್ನೂ ಬದಲಿಸಿಲ್ಲ. ಎರಡನೇ ಪುಸ್ತಕ ಮಾತ್ರ ಹೋದದ್ದು ಹೋಯಿತು. ನೆನಪಿನಿಂದ ಬರೆಯಲು ಕೂತರೆ ನೀವು ಚಹಾ ಊದಿ ಕುಡಿಯುವ ಸಪ್ಪಳ ಕೇಳಿಸುತ್ತದೆ.

ಉಜ್ಮಾ


ಅಂಬೇವಾಡಿ
11 ಜೂನ್ 2024

ಉಜ್ಮಾ,

ಏಪ್ರಿಲಿನಲ್ಲಿ ನಾನು ಹಾಕಿದ ಕಾಗದ ತಿರುಗಿ ಬಂತು. ಒಡೆದಿಲ್ಲ. ಮೇಲೆ "ಈ ಹೆಸರಿನವರು ಇಲ್ಲಿ ಇಲ್ಲ" ಎಂದು ಬರೆದಿತ್ತು. ಅಂಚೆಯವನ ಅಕ್ಷರ ಅಂದುಕೊಂಡೆ. ನಿನ್ನ ಅಮ್ಮಿ ಕೈಗೆ ತೆಗೆದುಕೊಂಡು ನೋಡಿ, "ಇದು ಅಕೀದ ಅಕ್ಷರ" ಅಂದಳು. ಓದಲು ಬಾರದವಳಿಗೆ ನಿನ್ನ ಅಕ್ಷರ ಗುರುತಿದೆ. ಆಮೇಲೆ ನಾನು ಲಕೋಟೆಯ ಮೇಲೆ ಏನು ಬರೆದಿದ್ದೆ ಎಂದು ನೋಡಿದೆ. ಉಜ್ಮಾ, ಗಂಡ ಜಾಹಿದ, ಕೇರಾಫ್ ಶಾಂತಾದೇವಿ. ಕೈ ತಾನೇ ಬರೆದಿತ್ತು. ನಿನ್ನ ಮದುವೆಯಾದ ಮೇಲೆ ನಿನ್ನ ಹೆಸರನ್ನು ಬೇರೆ ತರಹ ಬರೆದು ನನಗೆ ಗೊತ್ತಿಲ್ಲ.

ಸಿಟ್ಟು ಬಂತು. ಹರಿದು ಒಲೆಗೆ ಹಾಕಿದೆ. ಒಳಗೆ ಏನು ಬರೆದಿದ್ದೆ ಎಂದು ಈಗ ಹೇಳುವುದಿಲ್ಲ.

ಇವತ್ತು ಅಂಚೆ ಕಚೇರಿಯಲ್ಲೇ ಕೂತು ಹೊಸದು ಬರೆಯುತ್ತಿದ್ದೇನೆ. ಲಕೋಟೆಯನ್ನು ಮೊದಲು ಬರೆದೆ. ಉಜ್ಮಾ. ಕೆಳಗೆ ಮನೆ ನಂಬರು, ಓಣಿ, ಹಳಿಯಾಳ. ಅಷ್ಟೇ. ಕೌಂಟರಿನವ ನೋಡಿ, "ಚಾಚಾ, ಯಾರ ಮನೀಯಾಕಿ ಅಂತ ಬರೀರಿ, ಇಲ್ಲಂದ್ರ ಮುಟ್ಟೂದಿಲ್ಲ" ಅಂದ. "ಅಕೀ ಮನೀಯಾಕೀನ ಅಕಿ" ಅಂದು ಜಗಳಾಡಿದೆ. ನಾಲ್ಕು ಮಂದಿ ತಿರುಗಿ ನೋಡಿದರು. ನೋಡಲಿ.

ಬೆಳಿಗ್ಗೆ ಅಡುಗೆಮನೆಯ ಗೋಡೆಯ ಹತ್ತಿರ ನಿಂತಿದ್ದೆ. ಸುಣ್ಣದ ಒಳಗಿನಿಂದ ಕಲೆ ಕಾಣುತ್ತದೆ. ನೀನು ಬರೆದದ್ದು ಸುಳ್ಳಲ್ಲ. ಆ ಬ್ಯಾಂಕಿನ ಕಾಗದಕ್ಕೆ ನಾನು ಮಾಡಿದ ಸಾಕ್ಷಿ ಸಹಿಯನ್ನು ಅಳಿಸಿಕೊಡಿ ಎಂದು ಮುಂಡಗೋಡದ ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಯವರು ನನ್ನನ್ನು ಹುಚ್ಚನ ಹಾಗೆ ನೋಡಿ, ಅದು ಯಾವಾಗಲೋ ಮಂಜೂರಾಗಿ ಮುಗಿದ ಅರ್ಜಿ ಅಂದರು. ಹಾಕುವುದು ಸುಲಭ. ತೆಗೆಯಲು ಬರುವುದಿಲ್ಲವಂತೆ.

ಮಂಚ ಮತ್ತೆ ಆಸಿಮನ ಮಕ್ಕಳಿಗೆ ಹೋಯಿತು.

ಈ ಲಕೋಟೆಯ ಹಿಂದೆ, ಕಳಿಸಿದವರು ಎಂಬಲ್ಲಿ, ನನ್ನ ಹೆಸರು ಬರೆದಿಲ್ಲ. ಊರನ್ನೂ ಬರೆದಿಲ್ಲ. ನೀನು ಬೇಡ ಎಂದರೂ ಇದಕ್ಕೆ ತಿರುಗಿ ಬರುವ ದಾರಿ ಇಲ್ಲ. ಒಡೆಯದಿದ್ದರೆ ಒಡೆಯಬೇಡ. ಆದರೆ ನಿನ್ನ ಹತ್ತಿರವೇ ಇರಲಿ.

ಕಾಸಿಂಸಾಬ